ಅತ್ತೆಗೆ ನಾನು ಹೇಳಿದ ಚೀನಾ ರಾಣಿಯರ ಕಥೆ

ನಮ್ಮತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚೀನಿ ಭಾಷೆಯ ಮಾತಂತೂ ಬಿಡಿ. ಹಾಗಿದ್ದೂ ಅರವತ್ತು ಚಿಲ್ಲರೆ ಕಂತುಗಳ ಒಂದು ಚೀನಿ ಸೀರಿಯಲ್ಲನ್ನು ಅವರು ಮೂರು ಊರಿನಲ್ಲಿ, ಮೂವರು ಸೊಸೆಯರ ಬಾಯಿಂದ ಕೇಳಿಸಿಕೊಂಡು ಮೂರು ಸಲ ನೋಡಿದರು. ಬ್ರಿಸ್ಬೇನಿನಲ್ಲಿ ನಡುವಿನವಳು ಹೇಳಿದಳು, ಅಡಿಲೇಡಿನಲ್ಲಿ ಚಿಕ್ಕವಳು ಹೇಳಿದಳು, ಕೊನೆಗೆ ಪರ್ತಿನಲ್ಲಿ ನಾನು ಹೇಳಿದೆ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲು ಮೂವರಿಗೂ ಒಂದೇ. ಆದರೆ ಅತ್ತೆಯ ಕಿವಿಗೆ ಬಿದ್ದ ಕಥೆ ಮೂರು. ಅದರಲ್ಲಿ ಬೇಕೆಂದೇ ಸುಳ್ಳು ಹೇಳಿದವಳು ನಾನೊಬ್ಬಳೇ, ಮೂವರಲ್ಲಿ ಹಿರಿಯವಳು.

ಅದು ಪರ್ತಿನಲ್ಲಿ ಗಣಿ ಕೆಲಸ ಜೋರಾಗಿದ್ದ ಕಾಲ. ನನ್ನ ಗಂಡ ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನಾನು ಮೋರ್ಲಿಯ ದೊಡ್ಡ ಶಾಪಿಂಗ್ ಸೆಂಟರಿನಲ್ಲಿ ಹಾಸಿಗೆ, ದಿಂಬು, ಟವಲ್ ಮಾರುವ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಮಾವ ತೀರಿಕೊಂಡ ಮೇಲೆ, ಮೂವರು ಗಂಡುಮಕ್ಕಳೂ ಇಲ್ಲೇ ಇದ್ದುದರಿಂದ, ಅತ್ತೆಗೆ ಪೇರೆಂಟ್ ವೀಸಾ ಆಯಿತು. ಯಾರ ಮನೆಯಲ್ಲಿ ಇರುವುದು ಎಂಬ ಪ್ರಶ್ನೆಗೆ ಗಂಡುಮಕ್ಕಳು ಫೋನಿನಲ್ಲಿ ಐದು ನಿಮಿಷದಲ್ಲಿ ಉತ್ತರ ಹುಡುಕಿದರು. ನಾಲ್ಕು ತಿಂಗಳು ಪರ್ತ್, ನಾಲ್ಕು ತಿಂಗಳು ಬ್ರಿಸ್ಬೇನ್, ನಾಲ್ಕು ತಿಂಗಳು ಅಡಿಲೇಡ್. ಸೊಸೆಯರನ್ನು ಯಾರೂ ಕೇಳಲಿಲ್ಲ, ಅತ್ತೆಯನ್ನೂ ಕೇಳಲಿಲ್ಲ.

ಅತ್ತೆಯ ಜೊತೆ ದೇವರ ಪೆಟ್ಟಿಗೆಯೂ ಸುತ್ತುತ್ತಿತ್ತು. ಮೊಣಕೈಯುದ್ದದ ಮರದ ಪೆಟ್ಟಿಗೆ, ಒಳಗೆ ಬೆಳ್ಳಿಯ ಗೌರಿ, ಸಾಲಿಗ್ರಾಮ, ಗಂಟೆ. ನಮ್ಮಲ್ಲಿ ಅತ್ತೆಯ ಕೈಲಾಗದ ದಿನ ಅದು ಹಿರಿಸೊಸೆಯ ಮನೆಗೆ ಹೋಗುವುದು ವಾಡಿಕೆ. ಆದರೆ ವಾಡಿಕೆ ಅಷ್ಟೆ. ಅತ್ತೆ ಮನಸ್ಸು ಮಾಡಿದರೆ ಯಾರ ಕೈಗಾದರೂ ಕೊಡಬಹುದು, ಅವರ ಅತ್ತೆ ನಡುವಿನ ಸೊಸೆಯಾದ ಇವರಿಗೇ ಕೊಟ್ಟಿದ್ದರು. ಈ ಮಾತನ್ನು ಅವರು ತಿಂಗಳಿಗೊಮ್ಮೆಯಾದರೂ ತೆಗೆಯುತ್ತಿದ್ದರು. ತೆಗೆದಾಗಲೆಲ್ಲ ನಾನು ಎದ್ದು ಹೋಗಿ ಆ ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಿದ್ದೆ.

ನಗಬೇಡಿ. ಹದಿನಾರು ವರ್ಷ ಆ ಮನೆಯ ಹಿರಿಸೊಸೆ ನಾನು. ಮಾವನ ಕಾಯಿಲೆಗೆ ಅಂಗಡಿಯ ಕೆಲಸ ಬಿಟ್ಟು ಮೈಸೂರಿಗೆ ಹೋಗಿ ಐದು ತಿಂಗಳು ಇದ್ದವಳು ನಾನು. ಮೈದುನಂದಿರಿಬ್ಬರೂ ಓದಲು ಬಂದಾಗ ನಮ್ಮ ಮನೆಯ ಹಾಲಿನಲ್ಲಿ ಮಲಗಿದವರು, ಅವರ ಜೀನ್ಸ್ ಒಗೆದವಳು ನಾನು. ನನಗೆ ಬೇರೇನೂ ಬೇಕಿರಲಿಲ್ಲ. ಆ ಪೆಟ್ಟಿಗೆ ನನ್ನ ಮನೆಯಲ್ಲಿ ಕೂತು, ಅತ್ತೆ ನಾಲ್ಕು ಜನರೆದುರು 'ಇರೋದಾದ್ರೆ ದೊಡ್ಡವಳ ಹತ್ರಾನೇ' ಅಂದುಬಿಟ್ಟರೆ ಸಾಕಿತ್ತು.

ಸೀರಿಯಲ್ ಬಂದದ್ದು ಬೇಲಿಯಾಚೆಯಿಂದ. ಪಕ್ಕದ ಮನೆಯಲ್ಲಿ ಒಬ್ಬ ಚೀನಿ ಅಜ್ಜಿ, ಮಗನ ಮನೆಗೆ ಬಂದವರು. ಅವರಿಗೂ ಅತ್ತೆಗೂ ಒಂದಕ್ಷರ ಹೊಂದುವ ಮಾತಿಲ್ಲ. ಆದರೂ ಇವರು ಹಸಿಮೆಣಸಿನಕಾಯಿ ಕೊಡುವುದು, ಅವರು ಎಂಥದೋ ಸೊಪ್ಪಿನ ಕಟ್ಟು ಕೊಡುವುದು, ಇಬ್ಬರೂ ಮಂಡಿ ತೋರಿಸಿ ನೋವು ಎಂದು ಮುಖ ಹಿಂಡುವುದು, ನಗುವುದು. ಮೊದಲ ನಾಲ್ಕು ತಿಂಗಳು ಮುಗಿದು ಅತ್ತೆ ಬ್ರಿಸ್ಬೇನಿಗೆ ಹೊರಟ ದಿನ ಆ ಅಜ್ಜಿ ಒಂದು ಕೆಂಪು ಡಬ್ಬ ತಂದು ಕೊಟ್ಟರು. ಒಳಗೆ ಸಾಲಾಗಿ ಡಿವಿಡಿಗಳು. ಮೇಲೆ ತಲೆಯ ತುಂಬ ಹೂವು, ಬೆರಳಿಗೆ ಉದ್ದದ ಚಿನ್ನದ ಉಗುರು ಹಾಕಿಕೊಂಡ ಹೆಂಗಸರ ಚಿತ್ರ. ಹಳೆಯ ಕಾಲದ ಚೀನಾದ ಅರಮನೆ, ಒಬ್ಬ ರಾಜ, ಅವನಿಗೆ ಲೆಕ್ಕವಿಲ್ಲದಷ್ಟು ರಾಣಿಯರು, ಅವರ ಜಗಳ. ಅತ್ತೆ ಅದನ್ನು ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿದರು.

ನಡುವಿನವಳು ಅವಸರದ ಹೆಂಗಸು. ಅವಳು ಡಿವಿಡಿಯನ್ನು ಓಡಿಸಿ ಓಡಿಸಿ ತೋರಿಸಿದಳಂತೆ. 'ಎಲ್ಲ ಒಂದೇ ಅತ್ತೆ. ಇವಳು ಅವಳ ಮೇಲೆ ಚಾಡಿ ಹೇಳ್ತಾಳೆ, ಅವಳು ಇವಳ ಮೇಲೆ. ಕೊನೆಗೆ ಎಲ್ರೂ ಹೋಗ್ತಾರೆ.' ಅಡಿಲೇಡಿನ ಚಿಕ್ಕವಳು ಹಾಗಲ್ಲ. ಬ್ಲೇರ್ ಅಥಾಲ್ ಎಂಬ ಬಡಾವಣೆಯ ಆ ಪುಟ್ಟ ಮನೆಯಲ್ಲಿ, ಮಕ್ಕಳ ಡೇಕೇರಿನ ಕೆಲಸ ಮುಗಿಸಿ ಬಂದು, ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಾ ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ತೀರಾ ಕ್ರೂರವಾದದ್ದು ಬಂದರೆ ಅಷ್ಟನ್ನು ಹಾರಿಸಿದಳು. ಯಾರಿಗಾದರೂ ಶಿಕ್ಷೆಯಾದರೆ 'ತವರಿಗೆ ಕಳಿಸಿಬಿಟ್ರು' ಅನ್ನುತ್ತಿದ್ದಳಂತೆ.

ಭಾನುವಾರದ ಫೋನಿನಲ್ಲಿ ನನಗೆ ಇದೆಲ್ಲ ವರದಿಯಾಗುತ್ತಿತ್ತು. 'ಚಿಕ್ಕವಳ ಕೈ ಹುಳಿ ನಮ್ಮಮ್ಮನ ಹುಳಿ ಥರಾನೇ ಇರುತ್ತೆ ಕಣೆ. ಎಷ್ಟು ಚೆನ್ನಾಗಿ ಕಥೆ ಹೇಳ್ತಾಳೆ ಗೊತ್ತಾ!' ನಾನು ಹೂಂ ಹೂಂ ಎನ್ನುತ್ತಾ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸುತ್ತಿದ್ದೆ.

ವರ್ಷ ತಿರುಗಿ ಅತ್ತೆ ಮತ್ತೆ ಪರ್ತಿಗೆ ಬಂದರು. ಚಿಕ್ಕವಳು ತನ್ನ ಹಿತ್ತಲಿನ ಕರಿಬೇವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಬೇರೆ ರಾಜ್ಯದ ಸೊಪ್ಪು, ಹಣ್ಣು ಪರ್ತಿನೊಳಗೆ ಬಿಡುವುದಿಲ್ಲ, ಏರ್‌ಪೋರ್ಟಿನಲ್ಲೇ ತೊಟ್ಟಿಗೆ ಹಾಕಿಸಿದರು. ಅತ್ತೆ ಅದನ್ನು ಹೇಳಿಕೊಂಡು ಬೇಜಾರು ಮಾಡಿಕೊಂಡರು. ನಾನು ಅಯ್ಯೋ ಅಂದೆ. ಒಳಗೊಳಗೆ ಎಷ್ಟು ಖುಷಿಯಾಯಿತೆಂದರೆ ಕಾರಿನಲ್ಲಿ ಸುಮ್ಮನೆ ಹಾಡು ಗುನುಗಿದೆ.

ಮನೆಗೆ ಬಂದ ಎರಡನೇ ದಿನವೇ ಅತ್ತೆ ಅಂದರು, 'ಹೀಗೆ ಮೂಟೆ ಹೊತ್ಕೊಂಡು ಸುತ್ತೋಕೆ ಇನ್ನು ನನ್ ಕೈಲಾಗಲ್ಲ ಕಣೆ. ಇದೊಂದು ಸುತ್ತು ಮುಗೀಲಿ. ಆಮೇಲೆ ಒಂದು ಕಡೆ ಕೂತ್ಬಿಡ್ತೀನಿ.'

ಯಾವ ಕಡೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕೆಂಪು ಡಬ್ಬ ಮುಂದಿಟ್ಟು, 'ಮೊದಲಿಂದ ಹಾಕು, ನೀನು ಹೇಳೋದನ್ನ ಕೇಳ್ಬೇಕು' ಅಂದರು. ನನಗದು ಪರೀಕ್ಷೆಯಂತೆ ಕಂಡಿತು.

ನಾನು ಮೂರು ಗಂಟೆಗೆ ಕೆಲಸ ಮುಗಿಸಿ ಬರುತ್ತಿದ್ದೆ. ಚಹಾ ಮಾಡಿಕೊಂಡು ಇಬ್ಬರೂ ಸೋಫಾದಲ್ಲಿ ಕೂರುತ್ತಿದ್ದೆವು. ಅತ್ತೆಗೆ ಚೀನಿ ಹೆಸರುಗಳು ನಾಲಿಗೆಗೆ ಹತ್ತುತ್ತಿರಲಿಲ್ಲ, ಅವರದೇ ಹೆಸರುಗಳಿದ್ದವು. ರಾಜನ ತಾಯಿ ಮುದಿರಾಣಿ, ಪಟ್ಟದವಳು ದೊಡ್ಡರಾಣಿ, ಹೊಸದಾಗಿ ಅರಮನೆಗೆ ಬಂದ ಹುಡುಗಿ ಕಿರಿರಾಣಿ. ಸಂಜೆಯಾದರೆ ಒಬ್ಬ ಸೇವಕ ರಾಣಿಯರ ಹೆಸರು ಬರೆದ ಪಟ್ಟಿಗಳನ್ನು ತಟ್ಟೆಯಲ್ಲಿ ಜೋಡಿಸಿ ರಾಜನ ಮುಂದೆ ಹಿಡಿಯುತ್ತಿದ್ದ. ರಾಜ ಯಾವುದನ್ನು ಮಗುಚಿದರೆ ಆ ದಿನ ಅವಳ ಸರದಿ. ಅದನ್ನು ನೋಡಿದಾಗಲೆಲ್ಲ ಅತ್ತೆ ಫ್ರಿಜ್ಜಿನ ಮೇಲೆ ಅಂಟಿಸಿದ್ದ ನನ್ನ ಗಂಡನ ಕೆಲಸದ ಪಾಳಿಯ ರೋಸ್ಟರ್ ತೋರಿಸಿ, 'ನಿನ್ನ ಸರದಿ ಯಾವಾಗ ಕಣೆ?' ಎಂದು ಕೆಣಕುತ್ತಿದ್ದರು. ನಾವಿಬ್ಬರೂ ಚಹಾ ಚೆಲ್ಲುವಷ್ಟು ನಗುತ್ತಿದ್ದೆವು. ಅತ್ತೆಯ ಜೊತೆ ಅಷ್ಟು ನಕ್ಕದ್ದು ಹದಿನಾರು ವರ್ಷದಲ್ಲಿ ಅದೇ ಮೊದಲು. ಸುಳ್ಳು ಹೇಳದೇ ಇದ್ದಿದ್ದರೂ ಬಹುಶಃ ಅವರು ನನ್ನ ಹತ್ತಿರವೇ ಉಳಿಯುತ್ತಿದ್ದರೇನೋ. ಈಗ ಯಾರನ್ನು ಕೇಳಲಿ?

ಕಥೆಯಲ್ಲಿ ಕಿರಿರಾಣಿ ಒಳ್ಳೆಯವಳು. ಮುದಿರಾಣಿಯ ಕಾಲೊತ್ತುತ್ತಾಳೆ, ಅವಳಿಗೆ ಹಾಡಿ ಮಲಗಿಸುತ್ತಾಳೆ. ಅತ್ತೆ ಅವಳು ಬಂದ ಕೂಡಲೇ ಮುಂದೆ ಬಗ್ಗಿ, 'ನಮ್ಮ ಚಿಕ್ಕವಳು ನೋಡು, ಥೇಟ್' ಅನ್ನುತ್ತಿದ್ದರು. ಮೊದಲ ಸಲ ಸಹಿಸಿಕೊಂಡೆ. ಎರಡನೇ ಸಲ, ಮೂರನೇ ಸಲ. ಒಂದು ದಿನ ಕೆಳಗೆ ಸಾಲು ಬಂತು, ಕಿರಿರಾಣಿ ಮುದಿರಾಣಿಯ ಬಗ್ಗೆ ದಾಸಿಗೆ 'ನನ್ನ ತಾಯಿಯನ್ನೇ ಇವರಲ್ಲಿ ಕಾಣುತ್ತೇನೆ' ಎಂದದ್ದು. ನಾನು ಅತ್ತೆಗೆ ಹೇಳಿದೆ, 'ಈ ಮುದುಕಿ ಕೈಲಿದ್ರೆ ಅರಮನೇನೇ ನನ್ನ ಕೈಲಿ ಅಂತಿದಾಳೆ.'

ಬಾಯಿಂದ ಹೊರಬಿದ್ದ ಮೇಲೆ ರಿಮೋಟ್ ಎತ್ತಿ ಸದ್ದು ಹೆಚ್ಚಿಸಿದೆ. ಅತ್ತೆ ನನ್ನ ಕಡೆ ತಿರುಗಿದರು.

'ಚಿಕ್ಕವಳು ಹೀಗೆ ಹೇಳಿರ್ಲಿಲ್ವಲ್ಲೆ.'

'ನಿಮಗೆ ಬೇಜಾರಾಗ್ಬಾರ್ದು ಅಂತ ಮುಚ್ಚಿಟ್ಟಿರ್ತಾಳೆ ಅತ್ತೆ. ಅವಳಿಗೆ ಆ ಅಭ್ಯಾಸ ಇದೆ.'

ಅತ್ತೆ ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಪರದೆ ನೋಡುತ್ತಾ ಕೂತರು. ಅವರು ಸುಮ್ಮನಾದದ್ದು ನನಗೆ ರುಚಿ ಹತ್ತಿಸಿತು. ಹೌದು, ರುಚಿಯೇ. ಅಲ್ಲಿಂದ ದಿನಕ್ಕೆ ಒಂದೆರಡು ಸಾಲು ತಿರುಚುತ್ತಾ ಹೋದೆ. ಕಿರಿರಾಣಿ ಅತ್ತರೆ ನಾಟಕ ಅಂದೆ, ನಕ್ಕರೆ ಯಾರಿಗೋ ಗುಂಡಿ ತೋಡಿದ್ದಾಳೆ ಅಂದೆ. ಅವಳ ಮುಖ ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ಆದರೆ ಅತ್ತೆ ಮುಖ ನಂಬುವುದನ್ನು ಬಿಟ್ಟು ನನ್ನನ್ನು ನಂಬಿದರು.

ಆಮೇಲೆ ಆ ಕಷಾಯದ ಕಂತು ಬಂತು. ಕಿರಿರಾಣಿ ತಾನೇ ಒಲೆಯ ಮುಂದೆ ಕೂತು ಕುದಿಸಿದ ಕಷಾಯವನ್ನು ಮುದಿರಾಣಿಗೆ ಕುಡಿಸುತ್ತಾಳೆ. ಮುದಿರಾಣಿ ಹಾಸಿಗೆ ಹಿಡಿಯುತ್ತಾಳೆ. ಅದರಲ್ಲಿ ವಿಷ ಬೆರೆಸಿದ್ದು ಬೇರೆ ಯಾರೋ, ಅರಮನೆಯ ವೈದ್ಯ ಇನ್ನೊಬ್ಬ ರಾಣಿಯ ಮಾತು ಕೇಳಿ ಮಾಡಿದ್ದು. ಇಂಗ್ಲಿಷಿನಲ್ಲಿ ಅದು ಸ್ಪಷ್ಟವಾಗಿತ್ತು. ನಾನು ಅತ್ತೆಗೆ ಹೇಳಿದೆ, 'ನೋಡಿದ್ರಾ, ಇವಳೇ ಹಾಕಿದ್ದು. ದಿನಾ ಸ್ವಲ್ಪ ಸ್ವಲ್ಪ, ಯಾರಿಗೂ ಗೊತ್ತಾಗದ ಹಾಗೆ.'

'ಶಿವನೇ,' ಅಂದರು ಅತ್ತೆ. 'ಕಾಲೊತ್ತಿದ ಕೈಯಲ್ಲೇ?'

'ಕಾಲೊತ್ತಿದ್ದೇ ಅದಕ್ಕೆ,' ಅಂದೆ ನಾನು.

ಆ ವರ್ಷ ನಡುವಿನವಳು ಮನೆ ಬದಲಾಯಿಸುತ್ತಿದ್ದಳು. ಹಾಗಾಗಿ ಬ್ರಿಸ್ಬೇನ್ ಹಿಂದಕ್ಕೆ ಹೋಗಿ ಅಡಿಲೇಡಿನ ಸರದಿ ಮುಂದೆ ಬಂತು. ಅತ್ತೆ ನೇರ ಚಿಕ್ಕವಳ ಮನೆಗೆ ಹೊರಟರು. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದುಕೊಂಡು ನಿಂತರು. ಬಿಡಿಸಿಕೊಂಡದ್ದು ನಾನೇ, ಪಾರ್ಕಿಂಗ್ ಸಮಯ ಮುಗಿಯುತ್ತಿತ್ತು.

ಹೋಗಿ ಎರಡು ವಾರಕ್ಕೆ ಫೋನ್ ಬಂತು. ಮಧ್ಯಾಹ್ನದ ಹೊತ್ತು. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಡಬ್ಬಿಯ ಮೊಸರನ್ನ ತಿನ್ನುತ್ತಿದ್ದೆ. ಅತ್ತೆ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು, ಬಚ್ಚಲುಮನೆಯಿಂದ ಮಾಡಿದ್ದರೆಂದು ತೋರುತ್ತದೆ, ದನಿ ಗೋಡೆಗೆ ಬಡಿದು ಬರುತ್ತಿತ್ತು.

'ಬಿಪಿ ಮಾತ್ರೆ ಬಣ್ಣ ಬೇರೆ ಇದೆ ಕಣೆ. ನೀನು ಕೊಡ್ತಿದ್ದದ್ದು ಗುಲಾಬಿ. ಇವಳು ಬಿಳೀದು ಕೊಡ್ತಿದಾಳೆ.'

ನನಗೆ ಗೊತ್ತಿತ್ತು. ನನ್ನ ಥೈರಾಯ್ಡ್ ಮಾತ್ರೆಯ ಡಬ್ಬಿ ವರ್ಷಕ್ಕೆರಡು ಸಲ ಬದಲಾಗುತ್ತದೆ. ಅದೇ ಔಷಧಿ ಬೇರೆ ಕಂಪನಿಯದು, ಪರವಾಗಿಲ್ಲವೇ ಎಂದು ಕೆಮಿಸ್ಟ್ ಪ್ರತಿಸಲವೂ ಕೇಳುತ್ತಾನೆ, ನಾನು ಪರವಾಗಿಲ್ಲ ಎನ್ನುತ್ತೇನೆ. ಆ ಒಂದು ಮಾತನ್ನು ಅತ್ತೆಗೆ ಹೇಳಲು ಎಷ್ಟು ಹೊತ್ತು ಬೇಕಿತ್ತು? ಬಾಯಲ್ಲಿದ್ದ ತುತ್ತನ್ನು ನುಂಗುವಷ್ಟು. ನಾನು ನುಂಗಿ, 'ನನಗೇನು ಗೊತ್ತು ಅತ್ತೆ. ಕೊಡೋರನ್ನೇ ಕೇಳಿ' ಅಂದೆ.

ಅತ್ತೆ ಸಾಯಲಿ ಎಂದು ನಾನು ಬಯಸಲಿಲ್ಲ. ಮಾತ್ರೆ ಬಿಡಲಿ ಎಂದೂ ಅಲ್ಲ. ಅವರು ಇನ್ನೊಂದು ಸ್ವಲ್ಪ ಅನುಮಾನದಲ್ಲಿರಲಿ, ಅಲ್ಲಿ ಮನಸ್ಸು ನಿಲ್ಲದಿರಲಿ, ಬೇಗ ನನ್ನ ಕಡೆ ಬರಲಿ ಎಂದಷ್ಟೇ ಇತ್ತು. ಡಬ್ಬಿ ತೊಳೆದಿಟ್ಟು ಕೌಂಟರಿಗೆ ಹೋಗಿ ಯಾರಿಗೋ ದಿಂಬಿನ ಕವರ್ ಮಾರಿದೆ.

ಅತ್ತೆ ಚಿಕ್ಕವಳನ್ನು ಕೇಳಲಿಲ್ಲ. ವಿಷ ಹಾಕುತ್ತಿದ್ದೀಯಾ ಎಂದು ಯಾರು ಹೇಗೆ ಕೇಳುತ್ತಾರೆ? ಬಹುಶಃ ಅವರು ಪೂರ್ತಿ ನಂಬಿಯೂ ಇರಲಿಲ್ಲ. ಯಾಕೋ ಮನಸ್ಸು ಒಪ್ಪಲಿಲ್ಲ, ಅಷ್ಟೆ. ತಿಂಗಳು ಕಳೆದು, ಒಂದು ಬೆಳಿಗ್ಗೆ ತಿಂಡಿಗೆ ಕೂತವರ ಕೈಯಿಂದ ಚಮಚ ಬಿತ್ತು. ಎತ್ತಲು ಬಗ್ಗಿದವರು ಏಳಲಿಲ್ಲ. ಸ್ಟ್ರೋಕ್.

ನಾನು ಅಡಿಲೇಡಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಡಾಕ್ಟರ್ ಹುಡುಗಿ ಬಂದು ಬಿಪಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದಳು. ಚಿಕ್ಕವಳು ಹೌದು, ದಿನಾ ಬೆಳಿಗ್ಗೆ ನಾನೇ ಕೊಡುತ್ತಿದ್ದೆ ಅಂದಳು. ಆ ದಿನ ಸಂಜೆ ಆಸ್ಪತ್ರೆಯ ಕೋಣೆಯಲ್ಲಿ ಅತ್ತೆಯ ಬಟ್ಟೆ ಮಡಿಸುವಾಗ ಅವರ ನೀಲಿ ಸ್ವೆಟರಿನ ಜೇಬಿನಲ್ಲಿ ಟಿಶ್ಯೂ ಕಾಗದದ ಉಂಡೆ ಸಿಕ್ಕಿತು. ಬಿಚ್ಚಿದರೆ ಬಿಳಿ ಮಾತ್ರೆಗಳು. ಬಿಚ್ಚಿದವಳು ಚಿಕ್ಕವಳೇ. ಅವಳು ಅವನ್ನು ಹಾಸಿಗೆಯ ಮೇಲೆ ಹರಡಿ, ಬೆರಳಿನಿಂದ ಅತ್ತ ಇತ್ತ ಸರಿಸುತ್ತಾ, 'ಅಕ್ಕ, ಇದ್ಯಾಕೆ? ಇದ್ಯಾಕೆ ಇಲ್ಲಿದೆ?' ಎಂದು ನನ್ನನ್ನು ಕೇಳಿದಳು.

ನಾನು ಸ್ವೆಟರನ್ನು ಮತ್ತೆ ಮಡಿಸತೊಡಗಿದೆ. ಬ್ರಿಸ್ಬೇನಿನಿಂದ ಬಂದಿಳಿದಿದ್ದ ನಡುವಿನವಳು ನೇರ ಚಿಕ್ಕವಳನ್ನೇ ಕೇಳಿದಳು.

'ಕೊಟ್ಟೆ ಅಂತೀಯ. ನುಂಗಿದ್ದು ನೋಡಿದ್ಯಾ?'

'ಕೈಗೆ ಕೊಡ್ತಿದ್ದೆ. ನೀರು ಕೊಡ್ತಿದ್ದೆ. ಪಾಪೂನ ರೆಡಿ ಮಾಡ್ಬೇಕಿತ್ತು...'

'ನೋಡ್ಲಿಲ್ಲ ಅನ್ನು. ತಲೆಗೆ ಎಣ್ಣೆ ಹಚ್ಚಿ ಫೋಟೋ ಕಳ್ಸೋಕೆ ಟೈಮ್ ಇತ್ತು.'

ಹೊರಗೆ ಕಾರಿಡಾರಿನಲ್ಲಿ ಅಣ್ಣತಮ್ಮಂದಿರು ಮೂವರೂ ನಿಂತು ಆಸ್ಪತ್ರೆಯ ಪಾರ್ಕಿಂಗ್ ಬಗ್ಗೆ ಮಾತಾಡುತ್ತಿದ್ದರು. ಗಾಜಿನ ಬಾಗಿಲಿನಿಂದ ಕಾಣುತ್ತಿತ್ತು. ಒಳಗೆ ಚಿಕ್ಕವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅವಳ ಪರವಾಗಿ ಏನಾದರೂ ಹೇಳುತ್ತೇನೆಂದು. 'ಈಗ ಅದೆಲ್ಲ ಬೇಡ' ಅಂದೆ. ಎಷ್ಟು ಗಂಭೀರವಾಗಿ, ಎಷ್ಟು ದೊಡ್ಡತನದಿಂದ ಅಂದೆನೆಂದರೆ ನಡುವಿನವಳು ತಕ್ಷಣ ಸುಮ್ಮನಾದಳು. ಹಿರಿಸೊಸೆ ಅಂದರೆ ಹೀಗಿರಬೇಕು ಎಂದು ಆಮೇಲೆ ಅವಳೇ ನನ್ನ ಗಂಡನಿಗೆ ಹೇಳಿದಳಂತೆ.

ಅದಕ್ಕಿಂತ ದೊಡ್ಡ ಪೆಟ್ಟು ಮರುದಿನ ಬಿತ್ತು. ಚಿಕ್ಕವಳು ಗಂಜಿಯ ಚಮಚ ಹಿಡಿದು ಹತ್ತಿರ ಹೋದರೆ ಅತ್ತೆ ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿದರು. ನರ್ಸ್ ಕೊಟ್ಟರೆ ತಿಂದರು, ನಾನು ಕೊಟ್ಟರೆ ತಿಂದರು. ಮಾತು ಹೋಗಿತ್ತು, ಕೈಕಾಲು ಹೋಗಿತ್ತು, ಆದರೆ ನಾನು ತುಂಬಿದ್ದ ಅನುಮಾನ ಹೋಗಿರಲಿಲ್ಲ. ಚಿಕ್ಕವಳು ಮೂರು ದಿನ ಪ್ರಯತ್ನಪಟ್ಟಳು. ನಾಲ್ಕನೇ ದಿನ ಬಟ್ಟಲನ್ನು ನನ್ನ ಕೈಗಿತ್ತು ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡಳು.

ಎರಡು ತಿಂಗಳಾದ ಮೇಲೆ ಅತ್ತೆಯನ್ನು ಪರ್ತಿಗೆ ಕರೆತಂದೆವು. ಯಾರಿಗೂ ಯೋಚಿಸುವುದೇ ಇರಲಿಲ್ಲ, ದೊಡ್ಡವಳ ಮನೆಯೇ ಸರಿ ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದರು. ದೇವರ ಪೆಟ್ಟಿಗೆಯೂ ಬಂತು. ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಮೊದಲ ದಿನ ಪೆಟ್ಟಿಗೆ ತೆಗೆದು ಗೌರಿಯನ್ನು ಒರೆಸುವಾಗ ಗಂಟೆ ಕೈಜಾರಿ ಬಿದ್ದು ಅದರ ನಾಲಿಗೆ ಕಳಚಿತು.

ತಡೆಯಲಾರದೆ ಗಂಡನಿಗೆ ಹೇಳಿದೆ. ಅವರು ಮರುದಿನದ ವಿಮಾನಕ್ಕೆ ಬೂಟು, ಹೆಲ್ಮೆಟ್ ಚೀಲಕ್ಕೆ ತುಂಬುತ್ತಿದ್ದರು. ಪೂರ್ತಿ ಕೇಳಿ, 'ಸೀರಿಯಲ್ ನೋಡಿ ಯಾರಾದ್ರೂ ಮಾತ್ರೆ ಬಿಡ್ತಾರೇನೆ? ಬಣ್ಣ ಬದಲಾಗಿತ್ತು, ಅಮ್ಮ ಹೆದರ್ಕೊಂಡ್ರು. ನಿಂಗೆ ಗೊತ್ತಿರ್ಲಿಲ್ಲ, ಗೊತ್ತಿಲ್ಲ ಅಂದೆ' ಅಂದರು.

'ಗೊತ್ತಿತ್ತು ರೀ.'

'ಸುಸ್ತಾಗಿದೀಯ. ಮಲ್ಕೋ ಹೋಗು.' ಚೀಲದ ಜಿಪ್ ಎಳೆದರು.

ಅತ್ತೆಗೂ ಹೇಳಿದೆ. ಮಧ್ಯಾಹ್ನ ಅವರ ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಅವರ ಎಡಗೈ ಹಿಡಿದುಕೊಂಡು, ಕಿರಿರಾಣಿ ವಿಷ ಹಾಕಲಿಲ್ಲ ಅತ್ತೆ, ನಾನು ಸುಳ್ಳು ಹೇಳಿದೆ, ಚಿಕ್ಕವಳು ಕೊಟ್ಟದ್ದು ಅದೇ ಮಾತ್ರೆ, ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಅರ್ಧ ಬಾಯಲ್ಲಿ ನಕ್ಕರು. ಅವರಿಗೆ ಉದ್ದದ ಮಾತು ತಿಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಮಳೆ ಬರ್ತಿದೆ ಎಂದರೂ ಅದೇ ನಗು, ನೀರು ಬೇಕಾ ಎಂದರೂ ಅದೇ ನಗು. ಚಿಕ್ಕವಳ ಫೋಟೋ ತೋರಿಸಿದರೆ ಮಾತ್ರ ನಗು ನಿಲ್ಲುತ್ತಿತ್ತು. ನೂರು ಸಲ ತೋರಿಸಿದೆ. ನೂರು ಸಲವೂ ಮುಖ ತಿರುಗಿಸಿದರು.

ಕೊನೆಗೆ ಚಿಕ್ಕವಳಿಗೆ ಫೋನ್ ಮಾಡಿದೆ. ಅವಳು ಬೈಯಲಿ, ಅಳಲಿ, ಇನ್ನು ಜನ್ಮದಲ್ಲಿ ಮಾತಾಡದಿರಲಿ, ಆ ಮಾತ್ರೆಗಳ ಭಾರವಾದರೂ ಅವಳ ತಲೆಯಿಂದ ಇಳಿಯಲಿ ಎಂದುಕೊಂಡಿದ್ದೆ. ತಿರುಚಿದ ಸಾಲುಗಳು, ಕಷಾಯದ ಕಂತು, ಮಧ್ಯಾಹ್ನದ ಆ ಫೋನು, ಎಲ್ಲ ಹೇಳಿದೆ. ಒಂದನ್ನೂ ಮೃದು ಮಾಡಲಿಲ್ಲ. ಆ ಕಡೆಯಿಂದ ಅಳುವ ಸದ್ದು ಬಂತು.

'ಅಕ್ಕ, ನೀವೆಷ್ಟು ಒಳ್ಳೆಯವರು.'

'ಅಲ್ಲ ಕಣೆ, ಕೇಳಿಸ್ಕೋ...'

'ಬೇಡ ಅಕ್ಕ. ನನಗೆ ಸಮಾಧಾನ ಆಗ್ಲಿ ಅಂತ ನನ್ನ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿದೀರ. ಯಾರು ಮಾಡ್ತಾರೆ ಹೀಗೆ? ಆಸ್ಪತ್ರೇಲೂ ನೀವೊಬ್ರೇ ನನ್ನ ಏನೂ ಅನ್ಲಿಲ್ಲ.'

'ದೇವರಾಣೆ ನಿಜ. ನಾನೇ ಮಾಡಿದ್ದು.'

'ಸಾಕು ಅಕ್ಕ. ಅತ್ತೆ ನಿಮ್ಮ ಕೈಲೇ ಇರ್ಲಿ. ನನ್ನ ಕೈ ಸರಿಯಿಲ್ಲ.' ಅವಳು ಮೂಗೊರೆಸಿಕೊಂಡಳು. ಹಿಂದೆ ಅವಳ ಮಗಳು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. 'ಪಾಪೂಗೆ ಎರಡು ದಿನದಿಂದ ಜ್ವರ. ಸಿರಪ್ ಕುಡಿಸೋಕೆ ಇವರು ಆಫೀಸಿಂದ ಬರೋವರೆಗೂ ಕಾಯ್ತೀವಿ. ನಾನು ಬಾಟಲಿ ಮುಟ್ಟಲ್ಲ.'